ಬೇಸಿಗೆಯ ಸೊನ್ನೆಗಳು

ತಲಾಠಿ ಅಬ್ದುಲರಜಾಕನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಾಲು ತಂದವಳ ಎದುರಿಗೇ ಹಾಲಿನಲ್ಲಿ ಬೆರಳದ್ದಿ ನೋಡುವ ಆಸಾಮಿ. ಹೆಂಡತಿ ಖಾತುನಬಿ ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೆ, ಹಾಕಿದ್ದನ್ನು ಕಂಡವರು ಯಾರು ಎಂದು ಕೇಳುವವ. ಊರ ಹೊಲಗಳ ದಾಖಲೆ ಬರೆಯಲು ಇಂಥವನೇ ಲಾಯಕ್ಕು ಎಂದು ಸರಕಾರ ತಿಳಿದಿದ್ದರೆ ಅದರ ತಪ್ಪೇನೂ ಅಲ್ಲ. ಆದರೆ ಇಷ್ಟೆಲ್ಲ ಅನುಮಾನದ ಮನುಷ್ಯ ತನ್ನ ಮೇಲೆ ಮಾತ್ರ ಒಂದು ದಿನವೂ ಅನುಮಾನ ಪಟ್ಟವನಲ್ಲ.

ಅವನ ಊರು ಇಂಡಿ ತಾಲೂಕಿನಲ್ಲಿ, ಹೊರ್ತಿಯಿಂದ ಎರಡು ಹರದಾರಿ ಆಚೆಗೆ. ಊರ ಹೊರಗಿನ ದಿನ್ನೆಯ ಮೇಲೆ, ತಂತಿ ಬೇಲಿಯೊಳಗೆ, ಸರಕಾರದವರು ಮಳೆ ಅಳೆಯುವ ಡಬ್ಬಿ ಹೂಳಿದ್ದರು. ಮೇಲೆ ಲಾಳಿಕೆ, ಒಳಗೆ ಸೀಸೆ, ಜೊತೆಗೆ ಗೆರೆ ಕೊರೆದ ಒಂದು ಗಾಜಿನ ಅಳತೆ. ದಿನಾ ಮುಂಜಾನೆ ಎಂಟಕ್ಕೆ ಊರ ಚಾಕರಿಯ ವಾಲೀಕಾರ ಭೀಮಶ್ಯಾ ಅಲ್ಲಿಗೆ ಹೋಗಿ, ಸೀಸೆ ತೆಗೆದು ಅಳೆದು, ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಎಷ್ಟು ಸೆಂಟು ಮಳೆ ಎಂದು ಚಾವಡಿಯ ವಹಿಯಲ್ಲಿ ಬರೆಯಬೇಕು. ತಿಂಗಳಿಗೊಮ್ಮೆ ತಲಾಠಿ ತಪಾಸ ಮಾಡಿ ಸಹಿ ಹಾಕಬೇಕು. ಅಬ್ದುಲರಜಾಕ ಈ ಊರಿಗೆ ಬಂದು ಹದಿನೆಂಟು ತಿಂಗಳಾಗಿತ್ತು. ಹದಿನೆಂಟು ಸಹಿ ಹಾಕಿದ್ದ. ದಿನ್ನೆಯನ್ನು ಮಾತ್ರ ಒಮ್ಮೆಯೂ ಹತ್ತಿರಲಿಲ್ಲ.

ಐವತ್ತೈದನೆಯ ಇಸವಿಯ ಏಪ್ರಿಲ್‌ನಲ್ಲಿ ಕಾಗದ ಬಂತು. ಬರುವ ಸೋಮವಾರ ವಿಜಾಪುರದಿಂದ ಸಾಹೇಬರು ಬರುತ್ತಾರೆ, ಮಳೆಯ ವಹಿಯನ್ನೂ ನೋಡುತ್ತಾರೆ. ಅವರು ಒಳ್ಳೆಯ ಮಾತು ಬರೆದರೆ ಅಬ್ದುಲರಜಾಕನ ನೌಕರಿ ಕಾಯಂ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಮುದ್ದೇಬಿಹಾಳಕ್ಕೆ ಹೋಗಿ ಮಾವನ ಅಂಗಡಿಯಲ್ಲಿ ಬೆಲ್ಲ ತೂಗುತ್ತ ಕೂಡಬೇಕು.

ಅವನು ಗಡಿಬಿಡಿಯಿಂದ ವಹಿ ಮನೆಗೆ ತಂದು ತೆರೆದ. ನವೆಂಬರಿನಿಂದ ಇತ್ತ ಬರೀ ಸೊನ್ನೆ. ದಿನಕ್ಕೊಂದು, ಒಂದೂ ತಪ್ಪಿಲ್ಲ. ಸಂಕ್ರಾಂತಿಯ ದಿನವೂ ಸೊನ್ನೆ, ಭೀಮಶ್ಯಾನ ಕಿರಿಯ ಮಗಳ ಲಗ್ನದ ದಿನವೂ ಸೊನ್ನೆ.

"ಮಗಳ ಲಗ್ನ ಬಿಟ್ಟು ಯಾರರೆ ಸೊನ್ನಿ ನೋಡಾಕ ಹೊಕ್ಕಾರ? ಮನ್ಯಾಗ ಕುಂತ ಬರದಾನ. ಅವನ ಸುಳ್ಳಿಗೆ ನಾ ಸಹಿ ಹಾಕೇನಿ!" ಎಂದು ಹೆಂಡತಿಯ ಮುಂದೆ ತಲೆ ಚಚ್ಚಿಕೊಂಡ.

"ಮಳಿ ಬಂದಿಲ್ಲ, ಸೊನ್ನಿ ಬರದಾನ. ಅದರಾಗ ಸುಳ್ಳ ಏನೈತ್ರಿ?" ಎಂದಳು ಖಾತುನಬಿ, ರೊಟ್ಟಿ ಬಡಿಯುತ್ತ.

"ಅದ ಮತ್ತ! ಹೋಗಿ ನೋಡಿ ಬರದದ್ದು ಖರೇ ಸೊನ್ನಿ. ಕುಂತಲ್ಲೆ ಬರದದ್ದು ಖೊಟ್ಟಿ ಸೊನ್ನಿ. ಯಾವುದು ಯಾವುದಂತ ಹೆಂಗ ಗೊತ್ತಾಗಬೇಕು?"

ಗುರುವಾರ ಮುಂಜಾನೆ ಅವನು ದಿನ್ನೆಯ ಬುಡದಲ್ಲಿದ್ದ ಬೇವಿನ ಮರದ ಹಿಂದೆ ಅಡಗಿ ನಿಂತ. ಹೊತ್ತಿಗೆ ಸರಿಯಾಗಿ ಭೀಮಶ್ಯಾ ಬಂದ. ಅರವತ್ತರ ಹತ್ತಿರದ ಒಣಕಲು ಆಳು, ಮೂರನೇ ಇಯತ್ತೆ ಓದಿದವ, ಮಾತು ಕಮ್ಮಿ. ಬೇಲಿಯ ಹೊರಗೆ ಕೆರ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದ. ಸಪ್ಪಳ ಆಗಬಾರದು ಎಂದು ಬಿಟ್ಟಿದ್ದಾನೆ, ಕಳ್ಳ, ಎಂದುಕೊಂಡ ತಲಾಠಿ. ಭೀಮಶ್ಯಾ ಲಾಳಿಕೆ ಎತ್ತಿದ, ಸೀಸೆಯನ್ನು ಗಾಜಿನ ಅಳತೆಗೆ ಬಗ್ಗಿಸಿದ, ಕುಕ್ಕರುಗಾಲಲ್ಲಿ ಕೂತು ಆ ಖಾಲಿ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. ಆಮೇಲೆ ಎಲ್ಲವನ್ನೂ ರುಮಾಲಿನ ಸೆರಗಿನಿಂದ ಒರೆಸಿ ಮೊದಲಿನಂತೆ ಇಟ್ಟ.

ಇಷ್ಟು ಕಂಡ ಮೇಲೆ ಬೇರೆ ಯಾರಾದರೂ ಆಗಿದ್ದರೆ ಸಮಾಧಾನದಿಂದ ಮನೆಗೆ ಹೋಗಿ ಚಹಾ ಕುಡಿಯುತ್ತಿದ್ದರು. ಅಬ್ದುಲರಜಾಕನ ಅನುಮಾನ ಇಮ್ಮಡಿ ಆಯಿತು. ಖಾಲಿ ಗಾಜನ್ನು ಅಷ್ಟು ಹೊತ್ತು ನೋಡುವವರುಂಟೇ? ಮರದ ಹಿಂದೆ ನಾನಿರುವುದು ಅವನಿಗೆ ತಿಳಿದಿದೆ, ಅದಕ್ಕೇ ಈ ನಾಟಕ ಎಂದು ತೀರ್ಮಾನಿಸಿದ.

ಅವನು ಒಂದು ಉಪಾಯ ಹೂಡಿದ. ಶುಕ್ರವಾರ ಸಂಜೆ ದನ ಮನೆಗೆ ಮರಳುವ ಹೊತ್ತಿಗೆ, ತನ್ನ ಮನೆಯ ಬಾವಿಯ ಉಪ್ಪುಪ್ಪಾದ ಸವಳು ನೀರನ್ನು ಅರ್ಧ ಲೋಟ ಅಂಗಿಯ ಮರೆಯಲ್ಲಿ ಹಿಡಿದುಕೊಂಡು ದಿನ್ನೆ ಹತ್ತಿದ. ಬೇಲಿಯ ಬಾಗಿಲು ತೆಗೆದು, ಕಾಲಲ್ಲಿದ್ದ ತೊಗಲಿನ ಚಡಾವು ಬಿಡದೆ ಒಳಗೆ ಹೋಗಿ ನೀರನ್ನು ಲಾಳಿಕೆಯೊಳಗೆ ಸುರಿದು ಬಂದ. ನಾಳೆ ಆ ಮನುಷ್ಯ ನಿಜವಾಗಿ ನೋಡಿದರೆ ನೀರು ಕಾಣಬೇಕು, ವಹಿಯಲ್ಲಿ ಬರೆಯಬೇಕು. ನೋಡದಿದ್ದರೆ ಸೊನ್ನೆ ಬರೆಯುತ್ತಾನೆ, ಸಿಕ್ಕಿಬೀಳುತ್ತಾನೆ.

ಶನಿವಾರ ಭೀಮಶ್ಯಾ ಚಾವಡಿಗೆ ಬಂದ. ದೌತಿಯಲ್ಲಿ ಟಾಕು ಅದ್ದಿದ. ಗುಂಡಗೆ ಒಂದು ಸೊನ್ನೆ ಬರೆದ.

ತಲಾಠಿಗೆ ಕುಣಿಯಬೇಕು ಅನ್ನಿಸಿತು. ಅವನು ಕದ ಮುಚ್ಚಿಕೊಂಡು ಎರಡು ಪುಟದ ವರದಿ ಬರೆದ. ಸದರಿ ವಾಲೀಕಾರನು ಸ್ಥಳಕ್ಕೆ ಹೋಗದೆ ಸುಳ್ಳು ಅಂಕಿ ಬರೆಯುವುದನ್ನು ತಾನು ಯುಕ್ತಿಯಿಂದ ಪತ್ತೆ ಮಾಡಿರುವುದಾಗಿಯೂ, ಅವನನ್ನು ಕೆಲಸದಿಂದ ತೆಗೆಯತಕ್ಕದ್ದೆಂದೂ ಬರೆದ. ಮುದುಕನ ಮುಖ ನೆನಪಾಗಿ ಒಂದು ಗಳಿಗೆ ಕೈ ತಡೆಯಿತು. ಇಬ್ಬರಲ್ಲಿ ಒಬ್ಬನ ನೌಕರಿ ಹೋಗುವುದೇ ಆದರೆ ಅವನದು ಹೋಗಲಿ ಎಂದುಕೊಂಡು ಕೆಳಗೆ ಸಹಿ ಹಾಕಿದ.

ಸೋಮವಾರ ಸಾಹೇಬರು ಚಾವಡಿಯಲ್ಲಿ ಕೂತು ವರದಿ ಓದಿದರು. ಭೀಮಶ್ಯಾನನ್ನು ಕರೆಸಿದರು.

"ಶನಿವಾರ ಸೀಸೇದಾಗ ನೀರು ಇತ್ತೋ ಇಲ್ಲೋ?"

"ಇತ್ರಿ ಸಾಹೇಬ್ರ."

"ಎಷ್ಟಿತ್ತು?"

"ಮೂವತ್ತೇಳು ಸೆಂಟು ರೀ."

ಅಬ್ದುಲರಜಾಕ ಸಾಹೇಬರ ಕೈಯಲ್ಲಿದ್ದ ತನ್ನ ವರದಿಯ ಕಡೆ ನೋಡಿದ.

"ಮತ್ತ ಸೊನ್ನಿ ಯಾಕ ಬರದಿ?" ಎಂದರು ಸಾಹೇಬರು.

"ಮಳಿ ಆಗಿದ್ದಿಲ್ಲಲ್ರಿ. ವಹಿ ಮ್ಯಾಲ ಮಳಿ ಎಷ್ಟು ಅಂತ ಐತಿ. ನೀರು ಎಷ್ಟು ಅಂತ ಇಲ್ರಿ."

"ಮಳಿ ನೀರಲ್ಲ ಅಂತ ನಿನಗ ಹೆಂಗ ಗೊತ್ತಾತು?"

"ಸುತ್ತಲ ಧೂಳ ಒಣಗೇ ಇತ್ರಿ. ನಾಲಿಗಿಗೆ ಹಚ್ಚಿ ನೋಡಿದ್ನಿ, ಸವಳ ಇತ್ತು. ಮಳಿ ನೀರು ಸವಳ ಇರೂದಿಲ್ರಿ. ಮತ್ತ ಬೇಲಿ ಒಳಗ ಚಡಾವಿನ ಗುರುತು ಮೂಡಿದ್ವು. ನಾ ಒಳಗ ಕೆರಾ ಹಾಕ್ಕೊಂಡು ಹೋಗೂದಿಲ್ರಿ. ರಾಶಿ ಕಣದಾಗ ಯಾರರೆ ಕೆರಾ ಹಾಕ್ಕೊಂಡು ಹೊಕ್ಕಾರೇನ್ರಿ? ಊರಿನ ಮಳಿ ಅಳಿಯೂ ಜಾಗಾನೂ ಹಂಗ."

ಭೀಮಶ್ಯಾ ವಹಿಯ ಕಡೆಯ ಪುಟ ತಿರುವಿ ತೋರಿಸಿದ. ಅಲ್ಲಿ ವಕ್ರ ಅಕ್ಷರದಲ್ಲಿ ಹೀಗಿತ್ತು: ಏಪ್ರಿಲ್ ಹದಿನಾರು, ಸೀಸೆಯಲ್ಲಿ ನೀರು ಮೂವತ್ತೇಳು ಸೆಂಟು, ಮಳೆ ಅಲ್ಲ, ಯಾರೋ ಹಾಕಿದ್ದು, ಬೇವಿನ ಬುಡಕ್ಕೆ ಚೆಲ್ಲಿದೆ. ಅದರ ಮೇಲೆ ಹಿಂದಿನ ವರ್ಷದವೂ ಇದ್ದವು. ಲಾಳಿಕೆಯಲ್ಲಿ ಗುಬ್ಬಿ ಗೂಡು ಕಟ್ಟಿದ್ದು, ಗಾಜಿಗೆ ಕೂದಲೆಳೆಯಷ್ಟು ಸೀಳು ಬಿದ್ದದ್ದು. ಹದಿನೆಂಟು ಸಹಿ ಹಾಕಿದ ತಲಾಠಿ ಆ ಪುಟವನ್ನು ಇವತ್ತೇ ಮೊದಲು ನೋಡುತ್ತಿದ್ದ.

ಬಾಗಿಲ ಬಳಿ ತಲಾಠಿ ಬಿಟ್ಟಿದ್ದ ಚಡಾವುಗಳನ್ನೊಮ್ಮೆ ನೋಡಿ, ಸಾಹೇಬರು ಅವನ ಕಡೆ ತಿರುಗಿದರು.

"ಹದಿನೆಂಟ ತಿಂಗಳದಾಗ ನೀವು ದಿನ್ನಿ ಎಷ್ಟು ಸಲ ಹತ್ತೀರಿ?"

ಸುಳ್ಳು ಹೇಳಬಹುದಿತ್ತು. ಎದುರಿಗೆ ಭೀಮಶ್ಯಾ ನಿಂತಿದ್ದ.

"ಒಮ್ಮೆ ರೀ," ಎಂದ ಅಬ್ದುಲರಜಾಕ. "ನೀರು ಹಾಕಾಕ."

ಸಾಹೇಬರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವರದಿಯನ್ನು ಮಡಚಿ ಅವನ ಕೈಗೇ ಕೊಟ್ಟು, ಕಾಯಂ ಮಾಡುವ ಮಾತನ್ನು ದೀಪಾವಳಿಯ ಹೊತ್ತಿಗೆ ನೋಡೋಣ ಎಂದು ಹೇಳಿ ಹೋದರು. ನಾಚಿಕೆಯಿಂದ ಅವನಿಗೆ ನೆಲದೊಳಗೆ ಇಳಿದುಹೋಗುವಂತಾಯಿತು. ಆದರೂ ಹುಟ್ಟುಗುಣ ಬಿಡಬೇಕಲ್ಲ, ಸಂಜೆ ಭೀಮಶ್ಯಾನನ್ನು ತಡೆದು ನಿಲ್ಲಿಸಿದ.

"ಖರೇ ಹೇಳು. ಯಾರೂ ನೋಡೂದಿಲ್ಲ, ಯಾರೂ ಕೇಳೂದಿಲ್ಲ. ಮಗಳ ಲಗ್ನದ ದಿನಾನೂ ಯಾಕ ಹೋಗಿದ್ದಿ? ಏನ್ ಐತಿ ಅಲ್ಲಿ?"

ಭೀಮಶ್ಯಾ ದಿನ್ನೆಯ ಕಡೆ ತಿರುಗಿ ಹೇಳಿದ: "ಮಳಿ ಬಂದ ದಿನ ಮಳೀನ ನನ್ನ ಎಬ್ಬಿಸಿ ಕರಕೊಂಡು ಹೊಕ್ಕೈತ್ರಿ ಸಾಹೇಬ್ರ. ಸೊನ್ನಿ ದಿನ ನನ್ನಷ್ಟಕ್ಕ ನಾನ ಏಳಬೇಕು. ಅವತ್ತ ಹೋಗಲಿಲ್ಲಂದ್ರ, ನಾ ಮಾಡಿದ್ದು ಅಂತ ಏನ್ ಉಳೀತ್ರಿ?"

ಇದರ ಹಿಂದೆ ಬೇರೆ ಏನೋ ಇರಲೇಬೇಕು ಎಂದುಕೊಂಡು ತಲಾಠಿ ಮನೆಗೆ ಹೋದ.

ಮೇ ತಿಂಗಳಲ್ಲಿ ಭೀಮಶ್ಯಾ ಹಿರಿಯ ಮಗಳ ಬಾಣಂತನವೆಂದು ಮೂರು ದಿನ ಸಿಂದಗಿ ಕಡೆಯ ಕನ್ನೊಳ್ಳಿಗೆ ಹೋದ. ವಹಿ ತಲಾಠಿಯ ಕೈಗೆ ಬಂತು. ಮುಂಜಾನೆ ಎಂಟಕ್ಕೆ ಅವನು ಚಾವಡಿಯಲ್ಲಿ ಕೂತು ಹೊರಗೆ ನೋಡಿದ. ಆಕಾಶದಲ್ಲಿ ಒಂದು ಅರಳೆಯಷ್ಟೂ ಮೋಡವಿಲ್ಲ. ಟಾಕು ಅದ್ದಿ ಸೊನ್ನೆ ಬರೆಯಲು ಹೋದ. ಕೈ ಏಳಲಿಲ್ಲ. ಈ ಸೊನ್ನೆ ಖರೇಯೋ ಖೊಟ್ಟಿಯೋ? ಕಾಗದದ ಮೇಲೆ ನೋಡಿದರೆ ಯಾರಿಗೂ ತಿಳಿಯದು. ಅವನಿಗೆ ತಿಳಿದಿತ್ತು. ಹುಟ್ಟಿದಾಗಿನಿಂದ ಊರನ್ನೆಲ್ಲ ಸಂಶಯದಿಂದ ನೋಡಿದ ಮನುಷ್ಯ ಅಂದು ಮೊದಲ ಸಲ ತನ್ನ ಕೈಯನ್ನೇ ಸಂಶಯದಿಂದ ನೋಡಿದ. ಟಾಕು ಕೆಳಗಿಟ್ಟು ಎದ್ದ.

ಬೇಲಿಯ ಹೊರಗೆ ಚಡಾವು ಬಿಟ್ಟ. ನೆಲ ಆಗಲೇ ಕಾದು ಅಂಗಾಲು ಚುರುಗುಟ್ಟಿತು. ಸೀಸೆ ಬಗ್ಗಿಸಿ, ಕುಕ್ಕರುಗಾಲಲ್ಲಿ ಕೂತು, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದ. ಏನೂ ಇರಲಿಲ್ಲ. ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣು ಹಾಯಿಸಿದ. ಯಾರೂ ಇಲ್ಲದ್ದು ಕಂಡು ಮೊದಲು ಬೇಜಾರಾಯಿತು, ಆಮೇಲೆ ನಗು ಬಂತು. ಎರಡನೆಯ ದಿನ ಸುತ್ತ ನೋಡುವುದನ್ನೇ ಮರೆತ.

ಮೂರನೆಯ ದಿನ ಅವನು ಗಾಜು ಒರೆಸುತ್ತಿದ್ದಾಗ ಬೇವಿನ ಮರದ ಹಿಂದಿನಿಂದ ಒಂದು ಸೀರೆಯ ಸೆರಗು ಕಂಡಿತು. ಸೆರಗಿನ ಹಿಂದೆ ಖಾತುನಬಿ ದಡದಡನೆ ದಿನ್ನೆ ಹತ್ತಿ ಬಂದಳು.

"ಖರೇ ಹೇಳ್ರಿ, ಯಾರ್ ಬರ್ತಾರ ಇಲ್ಲಿ? ಮೂರ ದಿನಾತು, ಚಹಾನೂ ಕುಡೀದ ಓಡಿ ಬರಾಕತ್ತೀರಿ!"

"ಚಪ್ಪಲಿ ಹೊರಗ ಬಿಡು," ಎಂದ ಅಬ್ದುಲರಜಾಕ.

ಅವಳು ಬಿಟ್ಟು ಒಳಗೆ ಬಂದಳು. ಲಾಳಿಕೆಯೊಳಗೆ ಇಣುಕಿದಳು. ಸೀಸೆಯನ್ನು ಬೋರಲು ಹಾಕಿ ಅಲ್ಲಾಡಿಸಿದಳು. ಗಂಡನ ಕೈಯಿಂದ ಗಾಜನ್ನು ಕಸಿದು ಬಿಸಿಲಿಗೆ ಹಿಡಿದಳು.

"ಇದರಾಗ ಏನೂ ಇಲ್ಲಲ್ರಿ!"

"ಹೌದು," ಎಂದು ಅವನು ಗಾಜನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡ. "ಅದನ್ನ ಈಗ ಹೋಗಿ ಬರೀಬೇಕು."