ಪಾರ್ಥ ಎನ್ನುವಷ್ಟರಲ್ಲಿ ಗುಡುಗು

ನಾನು ಒಂದು ಹರಳು. ಹೆಸರು ಸೋಡಿಯಂ ಅಯೊಡೈಡ್. ಅಡುಗೆಮನೆಯ ಉಪ್ಪಿಗೆ ದೂರದ ನೆಂಟ. ಕುಲುಮೆಯಲ್ಲಿ ಕರಗಿ, ಎಷ್ಟೋ ದಿನ ನಿಧಾನವಾಗಿ ತಣಿದು ಹುಟ್ಟಿದೆ. ಕಣ್ಣಿಗೆ ಕಾಣದ ಗಾಮಾ ಕಿರಣ ಮೈಗೆ ತಾಕಿದರೆ ಚಿಕ್ಕದಾಗಿ ಮಿನುಗುವುದು, ನನಗೆ ಗೊತ್ತಿರುವ ವಿದ್ಯೆ ಇಷ್ಟೇ. ತೇವ ತಗಲಿದರೆ ಕೆಟ್ಟೆ. ಹೊರಗಿನ ಬೆಳಕು ನುಸುಳಿದರೆ ನನ್ನ ಸಾಕ್ಷಿ ಸುಳ್ಳು. ಅದಕ್ಕೇ ಅಲ್ಯುಮಿನಿಯಂ ಡಬ್ಬಿಯಲ್ಲಿಟ್ಟು ಕಪ್ಪು ಪಟ್ಟಿ ಸುತ್ತಿದರು.

ಮೊದಲ ಹನ್ನೆರಡು ವರ್ಷ ಆಸ್ಪತ್ರೆಯೊಂದರಲ್ಲಿ ರೋಗಿಗಳ ಥೈರಾಯ್ಡ್ ನೋಡಿದೆ. ಅಲ್ಲಿಗೆ ಹೊಸ ಯಂತ್ರ ಬಂದ ಮೇಲೆ ಗದಗಿನ ಕಡೆಯ ಗುಡ್ಡದ ಮಿಂಚು ವೀಕ್ಷಣಾಲಯಕ್ಕೆ ನನ್ನನ್ನು ದಾನ ಕೊಟ್ಟರು. ದೂರದ ಗುಡುಗುಮೋಡಗಳ ನೆತ್ತಿಯಾಚೆ, ಎಪ್ಪತ್ತು ಎಂಬತ್ತು ಕಿಲೋಮೀಟರ್ ಎತ್ತರದಲ್ಲಿ ಮಿಂಚು ಹೊತ್ತಿಸುವ ಕೆಂಪು ಬೆಳಕನ್ನು ಹಿಡಿಯುವುದು ನೆರೆಯ ಕ್ಯಾಮೆರಾದ ಕೆಲಸ. ಮೋಡದೊಳಗೆ ಎಲೆಕ್ಟ್ರಾನುಗಳು ಹುಚ್ಚು ವೇಗದಲ್ಲಿ ಓಡಿ ಗಾಳಿಗೆ ಡಿಕ್ಕಿ ಹೊಡೆದಾಗ ಸಿಡಿಯುವ ಗಾಮಾ ನನ್ನ ಪಾಲು.

ನಸೀಮಾ ಎಂಬ ಸಂಶೋಧಕಿ ಎರಡು ಮಳೆಗಾಲ ನನ್ನನ್ನೇ ನಂಬಿ ಕುಳಿತಳು. ನಾನು ಮಿನುಗಿದೆ ಕೂಡ. ಅವಳ ಮೇಲಿನವರಾದ ಕೋಳಿವಾಡ ಸರ್ ಒಪ್ಪಲಿಲ್ಲ.

“ಅಲ್ಲವ್ವಾ ತಂಗಿ, ಇದು ಗಾಮಾ ಅಲ್ಲ. ಡಬ್ಬಿ ತೂತಾಗೇತಿ, ಮಿಂಚಿನ ಬೆಳಕು ಒಳಗ ಹೊಕ್ಕೇತಿ. ಗುಜರಿಗೆ ಹಾಕು.”

ನನ್ನೊಂದಿಗೆ ಅವಳ ಎರಡು ವರ್ಷವೂ ಗುಜರಿಗೆ!

ಪ್ರತಿ ಮಿಂಚಿನ ಹೊತ್ತು, ಗುಡುಗು ಕೇಳುವ ತನಕದ ಸೆಕೆಂಡು, ಇವೆರಡನ್ನೂ ಬರೆಯುವುದು ಕಾವಲಿನ ಗೋದಾಬಾಯಿಯ ಕೆಲಸ. ಸರ್ ಆ ಪುಸ್ತಕ ತೆರೆದು ಹುಬ್ಬೇರಿಸಿದರು.

“ಏನ್ರೀ ಬಾಯಾರ, ಇದು ಮಿಂಚಿನ ಪುಸ್ತಕೋ, ಪಾಂಡವರ ಹಾಜರಿಯೋ? ಸೆಕೆಂಡು ಎಲ್ಲಿ?”

ಮಿಂಚಿದೊಡನೆ ಆಕೆ ಸಿಡಿಲು ಬಡಿಯದಿರಲೆಂದು ತೊಡೆಯ ಮೇಲೆ ತಾಳ ಹಾಕುತ್ತಾ ಅರ್ಜುನನ ಹತ್ತು ಹೆಸರು ಹೇಳುವವಳು. ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ... ಯಾವ ಹೆಸರಿಗೆ ಗುಡುಗಿತೋ ಅದನ್ನೇ ಬರೆದಿದ್ದಳು.

“ಗಡಿಯಾರ ನೋಡಕೋತ ಕೂತಾಗ ಸಿಡಿಲು ಬಡದ್ರ ಯಾರು ಹೊಣಿರಿ? ಹೆಸರು ಹೇಳೂದು ಬಿಡಂಗಿಲ್ಲ ನಾ. ತಾಳಕ್ಕೊಂದು ಹೆಸರು, ಹಿಂದ ಮುಂದ ಆಗಂಗಿಲ್ಲ.”

ನಸೀಮಾ ಗಡಿಯಾರ ಹಿಡಿದು ಹೇಳಿಸಿದಳು. ಹತ್ತು ಹೆಸರಿಗೆ ಹತ್ತು ಸೆಕೆಂಡು. ಇನ್ನೊಮ್ಮೆ ಹೇಳಿಸಿದರೂ ಹತ್ತೇ. ಕೂಡಲೇ ನನ್ನ ಮಿನುಗುಗಳ ದಾಖಲೆಯನ್ನು ಪುಸ್ತಕದ ಪಕ್ಕದಲ್ಲಿಟ್ಟಳು. ಅರ್ಜುನ, ಫಲ್ಗುಣ, ಪಾರ್ಥ ಎಂದು ಬರೆದಲ್ಲಿ ಮಾತ್ರ ನಾನು ಮಿನುಗಿದ್ದೆ. ಪಾರ್ಥನಾಚೆಗೆ ಒಮ್ಮೆಯೂ ಇಲ್ಲ.

“ಸರ್, ತೂತಿದ್ರ ಹತ್ತನೇ ಹೆಸರು ಧನಂಜಯಗೂ ಮಿನುಗಬೇಕಿತ್ತಲ್ಲ? ಬೆಳಕು ಅಷ್ಟು ದೂರದಿಂದ ಬರ್ತದ. ಗಾಮಾನ್ನ ಗಾಳಿ ಒಂದು ಕಿಲೋಮೀಟರ್ ಒಳಗೇ ನುಂಗ್ತದ. ಪಾರ್ಥ ಅಂದ್ರ ಮೂರು ಸೆಕೆಂಡು, ಅಷ್ಟರಾಗ ಗುಡುಗು ಬರೂದು ಒಂದೇ ಕಿಲೋಮೀಟರ್.”

ಸರ್ ಪುಸ್ತಕವನ್ನು ಎರಡು ಸಲ ತಿರುವಿ ಹಾಕಿದರು. ಆಮೇಲೆ ಕುರ್ಚಿಗೆ ಒರಗಿ, “ಬಾಯಾರ, ಚಾ ಮಾಡ್ರಿ” ಎಂದರು.

“ಸಕ್ರಿ ಎಷ್ಟು ಚಮಚ ಹಾಕ್ಲಿ ಸಾಹೇಬ್ರ? ಫಲ್ಗುಣೋ, ಪಾರ್ಥೋ?”

ಹಲವು ಮಳೆಗಾಲದ ನಂತರ ತೇವ ಒಳಗಿಳಿದು ನಾನು ಹಳದಿಯಾದೆ. ಗುಜರಿಗೆ ಮಾತ್ರ ಹಾಕಲಿಲ್ಲ. ಗಾಳಿಗೆ ಹಾಳೆ ಹಾರದಂತೆ ಅದೇ ಪುಸ್ತಕದ ಮೇಲೆ ಕೂರಿಸಿದ್ದಾರೆ. ಈಗ ಸೆಕೆಂಡು ಎಣಿಸಲು ಯಂತ್ರವಿದೆ. ಆದರೂ ಪುಸ್ತಕದ ಕೊನೆಯ ಅಂಕಣಕ್ಕೆ ನಸೀಮಾ ತನ್ನ ಕೈಯಾರೆ ‘ಹೆಸರು’ ಎಂದು ತಲೆಬರಹ ಕೊಟ್ಟಿದ್ದಾಳೆ. ಮಧ್ಯಾಹ್ನದ ಮಿಂಚಿಗೆ ಈಗ ಗೋದಾಬಾಯಿಯದೂ ನಸೀಮಾಳದೂ ಎರಡು ದನಿ ಒಟ್ಟಿಗೆ ಹೆಸರು ಹೇಳುತ್ತವೆ.

ನಾನಿನ್ನು ಮಿನುಗಲಾರೆ. ಆದರೆ ಪಾರ್ಥ ಎನ್ನುವಷ್ಟರಲ್ಲಿ ಗುಡುಗಿದರೆ ಡಬ್ಬಿ ಪುಸ್ತಕದ ಮೇಲೆ ಟಕ್ಕೆಂದು ಅದುರುತ್ತದೆ. ನಾನೂ ಒಂದು ತಾಳ ಹಾಕಿದ ಹಾಗೆ.