ಗುಂಡನ ಕಾರ್ಡು

ನನ್ನ ಗಂಡ ಸೋಮಶೇಖರ್ ತುಂಬ ಒಳ್ಳೆಯವರು. ಅವರ ಆ ಒಳ್ಳೆಯತನದಿಂದಲೇ ಅವತ್ತು ಕುಣಿಗಲ್ಲಿನ ಕಲ್ಯಾಣ ಮಂಟಪದ ಬಾಗಿಲಲ್ಲಿ ನನ್ನ ಮಾನ ಹೋಗುವುದರಲ್ಲಿತ್ತು.

ಒಳಗೆ ನನ್ನ ತಂಗಿ ಅಕ್ಷತಾಳ ಮದುವೆ. ಅಪ್ಪ ಅಮ್ಮ ಇಲ್ಲದ್ದರಿಂದ ಧಾರೆ ಎರೆಯಬೇಕಾದವರು ನಾವೇ. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಯಾರದಾದರೂ ಮೊಣಕೈ ಹಿಡಿದೇ ಬೆಳೆದವಳು, ಈಗ ಗುಂಡನ ಪಟ್ಟಿ ಹಿಡಿದು ಗುಬ್ಬಿಯಿಂದ ತುಮಕೂರಿನ ಬ್ಯಾಂಕಿಗೆ ಒಬ್ಬಳೇ ಓಡಾಡುತ್ತೇನೆ. ಗುಂಡ ದಾರಿ ತೋರಿಸಲೆಂದೇ ತರಬೇತಿ ಪಡೆದ ಲ್ಯಾಬ್ರಡಾರ್ ನಾಯಿ. ತಂಗಿಯ ಧಾರೆಗೂ ಹಾಗೇ ನಡೆದು ಹೋಗಬೇಕೆಂದು ಆಸೆಪಟ್ಟಿದ್ದೆ.

“ಮದ್ವೆ ಮನೆಗೆ ನಾಯಾ? ಆಗಕಿಲ್ಲ ಕಣಮ್ಮ,” ಎಂದರು ಮಂಟಪದ ಮ್ಯಾನೇಜರ್ ಮಹಾಲಿಂಗಯ್ಯ.

ನಮ್ಮ ಯಜಮಾನರು ಹೆಮ್ಮೆಯಿಂದ ಜೇಬಿಗೆ ಕೈ ಹಾಕಿದರು. “ರಿಜಿಸ್ಟರ್ ಆಗಿರೋ ನಾಯಿ ಸಾರ್. ತಗೊಳ್ಳಿ, ಕಾರ್ಡು.”

ಗುಂಡನಿಗೆ ಕಾರ್ಡಿರುವುದು ನನಗೇ ಗೊತ್ತಿರಲಿಲ್ಲ!

“ಇದೇ ಕಾರ್ಡು, ಇದೇ ಚಿನ್ನದ ಬಣ್ಣದ ಸೀಲು!” ಮಹಾಲಿಂಗಯ್ಯನವರ ದನಿ ಏರಿತು. “ಹೋದ ತಿಂಗ್ಳು ಒಬ್ಬ ಇದನ್ನೇ ತೋರ್ಸಿ ಮನೆ ನಾಯಿ ಒಳಕ್ಕೆ ತಂದ. ಅದು ಪಂಕ್ತಿಗೆ ನುಗ್ಗಿ ಬೀಗರ ಎಲೆಗೇ ಬಾಯಿ ಹಾಕ್ತು. ದುಡ್ಡು ಕೊಟ್ರೆ ಆನ್‌ಲೈನಲ್ಲಿ ಯಾರಿಗ್ ಬೇಕಾದ್ರೂ ಸಿಗತ್ತಂತೆ.”

“ರೀ, ನೀವು ಎಲ್ಲಿ ತಂದ್ರಿ?”

“ಆನ್‌ಲೈನಲ್ಲೇ ಉಮಾ... ನಿಂಗೆ ತೊಂದ್ರೆ ಆಗ್ದಿರ್ಲಿ ಅಂತ.”

ನನ್ನ ಮೈ ಉರಿದುಹೋಯಿತು. ಅಪ್ಪಟ ಗುಂಡನನ್ನು ಒಂದು ಪ್ಲಾಸ್ಟಿಕ್ ಚೂರು ಖೋಟಾ ಮಾಡಿಬಿಟ್ಟಿತ್ತು. ಒಳಗಿನಿಂದ ಪುರೋಹಿತರು, ಮುಹೂರ್ತ ಮೀರ್ತದೆ, ಧಾರೆಯೋರು ಬನ್ನಿ ಎಂದು ಕೂಗುತ್ತಿದ್ದರು.

“ಯಜಮಾನ್ರ ಕೈ ಹಿಡ್ಕೊಂಡು ಹೋಗಮ್ಮ,” ಎಂದರು ಮಹಾಲಿಂಗಯ್ಯ.

“ಇವತ್ತು ಹಿಡಿಯಲ್ಲ. ಆ ಕಾರ್ಡು ಎಸೀರಿ. ಪಂಕ್ತಿ ದಾಟ್ಕೊಂಡೇ ಹೋಗ್ತೀನಿ, ನೀವು ಹಿಂದೇನೇ ಬನ್ನಿ. ಇವ್ನು ಒಂದು ಎಲೆ ಮೂಸಿದ್ರೂ ಇಬ್ರೂ ಹೊರಗೆ.”

ಮಹಾಲಿಂಗಯ್ಯ ಗೊಣಗುತ್ತಲೇ ಒಪ್ಪಿದರು.

ಅದು ಮಠದ ಕಲ್ಯಾಣ ಮಂಟಪ; ಅಲ್ಲಿನ ಪದ್ಧತಿಯಂತೆ ನೆಲದ ಮೇಲೇ ಎಲೆ ಹಾಕಿದ್ದರು, ಮೊದಲ ಪಂಕ್ತಿ ಆಗಲೇ ಕೂತಿತ್ತು. ಎರಡೂ ಕಡೆ ಒಬ್ಬಟ್ಟು, ತುಪ್ಪದ ಘಮ. ನನಗೇ ಬಾಯಲ್ಲಿ ನೀರೂರಿತು, ಗುಂಡ ಮಾತ್ರ ನೆಟ್ಟಗೆ ನಡೆದ. ನಡುವೆ ಥಟ್ಟನೆ ನಿಂತು ನನ್ನ ಮೊಣಕಾಲಿಗೆ ಅಡ್ಡ ಬಂದ. ಎಲೆಗೆ ಬಾಯಿ ಹಾಕಿಯೇಬಿಟ್ಟನೇನೋ ಎಂದು ಪಟ್ಟಿ ಬಿಗಿಯಾಗಿ ಹಿಡಿದೆ. ಇಲ್ಲ, ಮೆಲ್ಲಗೆ ನನ್ನನ್ನು ಪಕ್ಕಕ್ಕೆ ಸರಿಸಿಕೊಂಡು ಮತ್ತೆ ಮುಂದೆ ನಡೆದ.

ಹಿಂದೆ ಧೊಪ್ಪೆಂದು ಸದ್ದಾಯಿತು.

“ಅಯ್ಯೋ ಶಿವನೇ! ಯಾವನ್ಲಾ ಪಾಯಸ ಚೆಲ್ಲಿದ್ದು?” ಮಹಾಲಿಂಗಯ್ಯನವರ ಕೂಗು ನೆಲದಿಂದ ಬಂತು. ಇಡೀ ಪಂಕ್ತಿ ಗೊಳ್ಳೆಂದು ನಕ್ಕಿತು.

“ಹೋಗಮ್ಮ, ಹೋಗು,” ಎಂದರು, ಏಳುತ್ತಾ. “ಇದು ಅಸಲಿ ನಾಯಿ. ಸರ್ಕಾರದೋರೇ ಒಂದು ಕಾರ್ಡು ಕೊಟ್ಟಿದ್ರೆ ನನ್ ಸೊಂಟ ಉಳೀತಿತ್ತು.”

“ನಂಗೂ ಅದೇ ಬೇಕಿರೋದು. ಆದ್ರೆ ನಾಯಿ ನಡೆಯೋದ್ನ ನೋಡಿ ಕೊಡ್ಲಿ, ದುಡ್ಡು ನೋಡಿ ಅಲ್ಲ.”

ಧಾರೆ ಮಂಟಪದ ಮೆಟ್ಟಿಲ ಬಳಿ ಗುಂಡ ನಿಂತ. ಅವನನ್ನು ಅಲ್ಲೇ ಮಲಗಿಸಿ ಮೇಲೆ ಹತ್ತಿದೆ.

“ಅಕ್ಕಾ, ಒಬ್ಳೇ ಬಂದ್ಯಾ?” ಎಂದಳು ಅಕ್ಷತಾ.

“ಹ್ಞೂಂ ಕಣೇ, ಒಬ್ಳೇ.”

ಅವಳು ಅತ್ತುಬಿಟ್ಟಳು. ಮನಸ್ಸು ಹಗುರಾಗಿ ನಾನೂ ಅತ್ತೆ. ನಮ್ಮ ಯಜಮಾನರು ಪಕ್ಕಕ್ಕೆ ಬಂದು ನಿಂತು, ಹಾಲಿನ ತಂಬಿಗೆ ತಾವೂ ಹಿಡಿಯಬಹುದೇ ಎಂದು ಅಂಜುತ್ತಲೇ ಕೇಳಿದರು.

“ಹಿಡೀರಿ,” ಎಂದೆ. “ಇದಕ್ಕೆ ನಿಮ್ಮ ಕೈ ಬೇಕು.”