ಅರ್ಧ ಮೆಟ್ಟಿಲು ಕೆಳಗೆ

"ಅದು ನನ್ನ ಪಲುಕು. ನನ್ನ ಮನೇಲಿ ಉಂಡು, ನನ್ನ ಗೋಡೆಗೆ ಕಿವಿ ಅಂಟಿಸಿ ಕದ್ದಿದ್ದು. ಇಲ್ಲ ಅನ್ನು ನೋಡೋಣ."

ತಂಡದ ಅಭ್ಯಾಸದ ಮಹಡಿ ಕೋಣೆಯಲ್ಲಿ ದರ್ಜಿ ಸ್ಯಾಕ್ಸೊಫೋನನ್ನು ಕೊರಳಿಂದ ತೆಗೆಯದೆಯೇ ಎದ್ದು ನಿಂತಿದ್ದ. ಅದರ ಪಟ್ಟಿಯ ಜೊತೆಗೇ, ಅಂಗಡಿಯಿಂದ ಬರುವಾಗ ತೆಗೆದಿಡಲು ಮರೆತ ಅಳತೆಯ ಟೇಪೂ ನೇತಾಡುತ್ತಿತ್ತು. ಎದುರಿಗೆ ಅವನ ಹೆಂಡತಿಯ ತಮ್ಮ ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಇಲ್ಲ ಅಂದ್ನಾ ಭಾವ? ನಿಮ್ದೇ. ನೀವು ಬಚ್ಚಲಲ್ಲಿ ಊದಿದ್ರೆ ಇಡೀ ಬೀದಿಗೆ ಕೇಳ್ಸುತ್ತೆ. ಗೋಡೆಗೆ ಕಿವಿ ಯಾಕೆ ಅಂಟಿಸ್ಬೇಕು?"

ಡ್ರಮ್ ಬಾರಿಸುವ ಡುಮ್ಮ ನಗು ನುಂಗಿಕೊಂಡು ಕೋಲಿನಿಂದ ಬೆನ್ನು ತುರಿಸಿಕೊಂಡ. ಪಿಯಾನೋ ಟೀಚರ್ ಮಾತ್ರ ನಗಲಿಲ್ಲ. ಶನಿವಾರ ಹೋಟೆಲಿನಲ್ಲಿ ನಡುವೆ ಒಬ್ಬರೇ ನುಡಿಸುವ ದೊಡ್ಡ ಸೋಲೋ ಯಾರದೆಂದು ಈ ಸಂಜೆ ಹೇಳಬೇಕಾದವರು ಅವರು. ತಂಡ ಕಟ್ಟಿದಂದಿನಿಂದ ಅದು ದರ್ಜಿಯದೇ ಆಗಿತ್ತು.

ದರ್ಜಿ ಬಟ್ಟೆ ಕತ್ತರಿಸಿದಂತೆಯೇ ಪಲುಕೆಂಬ ಪುಟ್ಟ ಸ್ವರಮಾಲೆಯನ್ನು ಕಟ್ಟುತ್ತಿದ್ದ. ಅವನಿಗೆ ಮೆಚ್ಚಿನ ಡೋರಿಯನ್ ಎಂಬ ಸ್ವರಶ್ರೇಣಿಗೆ ಪಿಯಾನೋದ ಬಿಳಿ ಮನೆಗಳಷ್ಟೇ ಸಾಕು. ಆದರೆ ಮೊದಲನೆಯ ಸ್ವರವನ್ನು ಬಿಟ್ಟು ಎರಡನೆಯದನ್ನು ತವರು ಮಾಡಿಕೊಂಡು, ಅಲ್ಲಿಂದ ಹೊರಟು ಅಲ್ಲಿಗೇ ಮರಳಬೇಕು. ಅದರೊಳಗಿಂದ ನಾಲ್ಕೈದು ಸ್ವರ ಆರಿಸಿ, ಹಿಂದುಮುಂದು ಮಾಡಿ, ತಾಳದಲ್ಲಿ ಸ್ವಲ್ಪ ಆಚೆಗೆ ಸರಿಸಿ, ಬಾಯಿಗೆ ಹೊಂದುವವರೆಗೂ ಬಿಡುತ್ತಿರಲಿಲ್ಲ. ವೇದಿಕೆಯ ಮೇಲೆ ಅದು ಆ ಕ್ಷಣಕ್ಕೆ ಹುಟ್ಟಿತೆಂದು ಜನ ತಿಳಿಯುತ್ತಿದ್ದರು.

ಭಾಮೈದ ಅವನ ಅಂಗಡಿಯಲ್ಲೇ ಗುಂಡಿ ಹೊಲಿಯುತ್ತ, ಅವನ ಮನೆಯಲ್ಲೇ ಇದ್ದವನು. ಅದೇ ಪಲುಕನ್ನು ತೆಗೆದುಕೊಂಡು ಎರಡು ಸ್ವರ ಬಿಡುತ್ತಿದ್ದ, ಒಂದಿಷ್ಟು ಸುಮ್ಮನಿರುತ್ತಿದ್ದ, ಆಮೇಲೆ ಉಳಿದದ್ದನ್ನು ನುಡಿಸುತ್ತಿದ್ದ. ಅಷ್ಟಕ್ಕೇ ಜನ ತಲೆದೂಗುತ್ತಿದ್ದರು. ಒಂದು ಸಂಜೆ ದರ್ಜಿಯ ಹೆಂಡತಿ ಬಟ್ಟೆ ಮಡಚುತ್ತ ಗುನುಗಿದ್ದೂ ತಮ್ಮ ನುಡಿಸಿದ ಹಾಗೆಯೇ.

"ಅದು ನಂದು ಕಣೇ," ಅಂದಿದ್ದ ದರ್ಜಿ.

"ಹೌದಾ? ನಿಮ್ದೂ ಚೆನ್ನಾಗೇ ಇತ್ತು."

ಮರುದಿನದಿಂದ ಅವನು ಬಚ್ಚಲಿನಲ್ಲಿ ಒಂದು ಹೊಸ ಪಲುಕನ್ನು ಬೇಕೆಂದೇ ಕೆಡಿಸಿ ನುಡಿಸತೊಡಗಿದ. ತವರಿನಿಂದ ಎಣಿಸಿದರೆ ಆರನೆಯ ಸ್ವರದಲ್ಲೇ ಡೋರಿಯನ್ನಿನ ಬಣ್ಣವಿರುವುದು. ಅದನ್ನೇ ಅರ್ಧ ಮೆಟ್ಟಿಲು, ಪಿಯಾನೋದಲ್ಲಾದರೆ ಪಕ್ಕದ ಕರಿ ಮನೆಗೆ, ಕೆಳಗಿಳಿಸಿದ. ಕದಿಯುವವನು ತಪ್ಪನ್ನೂ ಕದಿಯಲಿ, ಟೀಚರ್ ಮುಂದೆ ಅವನ ಮಾನ ಹೋಗಲಿ.

ಈಗಷ್ಟೇ ಭಾಮೈದ ಅದನ್ನು ನುಡಿಸಿದ್ದ. ಆ ತಪ್ಪು ಸ್ವರಕ್ಕೆ ಬಂದು ನಿಂತು, ಅದನ್ನೇ ಉದ್ದಕ್ಕೆ ಎಳೆದು, ಮತ್ತೆ ಅರ್ಧ ಮೆಟ್ಟಿಲು ಇಳಿದು, ಅಲ್ಲಿಂದ ಹಾಯಾಗಿ ತವರು ಸೇರಿದ್ದ. ಟೀಚರ್ ಕೈ ಎತ್ತಿ, "ಇನ್ನೊಂದ್ಸಲ," ಅಂದಿದ್ದರು. ದರ್ಜಿಗೆ ಅವರು ಒಮ್ಮೆಯೂ ಹಾಗೆ ಹೇಳಿದವರಲ್ಲ.

"ಒಪ್ಕೊಂಡ್ಯಲ್ಲ, ಹಾಗಾದ್ರೆ ಇದನ್ನೂ ಕೇಳ್ಕೋ," ಅಂದ ದರ್ಜಿ. "ಆ ಸ್ವರ ತಪ್ಪು. ನೀನು ಸಿಕ್ಕಿಬೀಳ್ಲಿ ಅಂತ್ಲೇ ದಿನಾ ತಪ್ಪು ನುಡಿಸಿದೆ."

ಭಾಮೈದ ತಲೆ ಎತ್ತಿದ. "ಅದು ಅಲ್ಲಿಗೆ ಸೇರಿದ್ದಲ್ಲ ಅಂತ ಗೊತ್ತಿತ್ತು ಭಾವ. ಹೊರಗೆ ಕಾಲಿಟ್ಟು ವಾಪಸ್ ಬರೋದನ್ನ ನಂಗೆ ಕಲಿಸ್ತಿದೀರಿ ಅಂದ್ಕೊಂಡೆ. ಅದಕ್ಕೇ ಅಷ್ಟು ಜೋರಾಗಿ ಊದ್ತಿದೀರಿ ಅಂತ. ಅಕ್ಕಂಗೂ ಹಾಗೇ ಹೇಳ್ದೆ."

"ಅವಳ ಸುದ್ದಿ ಯಾಕೀಗ?"

"ಖುಷಿಪಟ್ಳು. ಅದಕ್ಕೆ ಹೇಳ್ದೆ."

ಅವನು ಟ್ರಂಪೆಟ್ಟಿನ ಬಾಯನ್ನು ಅಂಗಿಯ ತುದಿಯಿಂದ ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಚಿಲಕ ಹಾಕಿ ಹೊರಟ.

"ಟೀ ಕುಡಿದು ಬರ್ತಾನೆ ಬಿಡಿ," ಅಂದ ಡುಮ್ಮ.

ಕಾದರು. ಅವನು ಬರಲಿಲ್ಲ.

"ಶನಿವಾರ ನೀವೇ ನುಡಿಸಿ," ಅಂದರು ಟೀಚರ್, ದರ್ಜಿಯ ಕಡೆ ನೋಡದೆ. "ಆ ಪಲುಕಿಂದ್ಲೇ ಶುರು ಮಾಡಿ."

ಪಿಯಾನೋ ಶುರುವಾಯಿತು. ದರ್ಜಿ ತವರಿನಿಂದ ಹೊರಟು ಮೇಲೇರಿದ. ಆರನೆಯ ಸ್ವರಕ್ಕೆ ಬಂದಾಗ ಇಷ್ಟು ದಿನದ ಅಭ್ಯಾಸಕ್ಕೆ ಬೆರಳು ತಾನಾಗಿ ಅರ್ಧ ಮೆಟ್ಟಿಲು ಕೆಳಗೆ ಬಿತ್ತು. ಅಲ್ಲಿಂದ ಹೇಗೆ ಇಳಿಯಬೇಕೆಂದು ಈಗ ಗೊತ್ತಿತ್ತು. ಇಳಿದರೆ ಅದು ಭಾಮೈದನದಾಗುತ್ತಿತ್ತು. ಅವನು ಆ ಸ್ವರವನ್ನೇ ಹಿಡಿದು ನಿಂತ. ಪಿಯಾನೋ ಅದೇ ಎರಡು ಸ್ವರಗುಚ್ಛಗಳಲ್ಲಿ ಸುತ್ತುತ್ತ ಕಾಯಿತು. ಉಸಿರು ಮುಗಿಯುತ್ತ ಬಂತು. ತೆರೆದೇ ಇದ್ದ ಬಾಗಿಲಿನಾಚೆ, ಯಾರಾದರೂ ನಡೆದಾಡಿದರಷ್ಟೇ ಉರಿಯುವ ಮೆಟ್ಟಿಲಿನ ದೀಪ ಇನ್ನೂ ಆರಿಯೇ ಇತ್ತು.